ಗಾಳಿಗೂ ಜಾಗವಿಲ್ಲದ ಗೋಡೆ

ಅವನನ್ನು ಎಲ್ಲರೂ ಗಡಗಡ ಅಂತಲೇ ಕರೆಯುತ್ತಿದ್ದರು. ಅಚ್ಚಿನೊಳಗೆ ಕಾಂಕ್ರೀಟು ಸುರಿದ ಕೂಡಲೇ ವೈಬ್ರೇಟರಿನ ಕೊಳವೆ ಇಳಿಸಿ, ಒಂದು ಗುಳ್ಳೆಯೂ ಉಳಿಯದಂತೆ ನಡುಗಿಸುವುದು ಅವನ ಕೆಲಸ. ಮೆಷಿನ್ನು ನಿಂತ ಮೇಲೂ ಅವನ ಕೈ ನಿಲ್ಲುತ್ತಿರಲಿಲ್ಲ. ಚಾ ಕುಡಿಯಲು ಕೂತರೆ ಅರ್ಧ ಬಾಯಿಗೆ, ಅರ್ಧ ಅಂಗಿಗೆ. "ಅಂಗಿಗೂ ಬಾಯಾರುತ್ತೆ ಕಣ್ರೋ" ಅಂತ ಅವನೇ ನಗುತ್ತಿದ್ದ.

ಆ ಊರು ಹೊಟ್ಟೆಬಾಕನ ಹಾಗೆ ಬೆಳೆಯುತ್ತಿತ್ತು. ಇವತ್ತು ಊರಾಚೆ ಅಂದದ್ದು ನಾಳೆ ಊರ ನಡುಮನೆ. ಅದರ ಬಾಯಿಗೆ ತುತ್ತು ಕಲಸಿ ಇಡುವವರು ಮಾತ್ರ ರೈಲು ಹಳಿ ಪಕ್ಕದ ತಗಡಿನ ಗೂಡುಗಳಲ್ಲಿ ಮಲಗಬೇಕು, ಮೈ ಚಾಚಿದರೆ ಕಾಲು ಬೀದಿಗೆ. ಸಾವಿರ ಮನೆ ಎಬ್ಬಿಸಿದ ಕೈಗೆ ಒಂದು ಸೂರಿಲ್ಲ ಅಂದರೆ ಈ ಊರಲ್ಲಿ ಯಾರ ಗಂಟಲಲ್ಲೂ ಅನ್ನ ಸಿಕ್ಕಿಕೊಳ್ಳುವುದಿಲ್ಲ.

ಗಡಗಡನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಪಕ್ಕದ ಗೂಡಿನಲ್ಲಿ ಗುಂಡಿ ಅಜ್ಜಿ ಇದ್ದಳು. ಕಾರ್ಖಾನೆಯಿಂದ ಮೂಟೆಗಟ್ಟಲೆ ಅಂಗಿ ತಂದು ಗುಂಡಿ ಹೊಲಿಯುವ ಮುದುಕಿ. ಅವಳಿಗೂ ಯಾರೂ ಇರಲಿಲ್ಲ. ಇಬ್ಬರಿಗೂ ಸೇರಿ ಒಂದೇ ತಗಡಿನ ಗೋಡೆ. ಬೆಳಗಾದರೆ ಅಜ್ಜಿ ಸೌಟಿನಿಂದ ಅದಕ್ಕೆ ಒಂದೇಟು ಹಾಕುವಳು: ಇದ್ದೀಯಾ? ಅವನು ಚಮಚದಿಂದ ತಿರುಗಿ ಒಂದೇಟು: ಇದ್ದೀನಿ. ಸಂಜೆ ಎರಡೇಟು ಬಿದ್ದರೆ, ಬಾ ಊಟಕ್ಕೆ. ಬಡಬಡ ಅಂತ ಬಿದ್ದರೆ, ನಿನ್ನ ಗೊರಕೆಗಿಷ್ಟು ಬೆಂಕಿ ಹಾಕ. ಅವನ ಪಾಲಿಗೆ ಸಂಸಾರ ಅಂದರೆ ಆ ಸದ್ದು.

ಹಳಿ ಅಗಲ ಮಾಡಲು ಗೂಡುಗಳನ್ನೆಲ್ಲ ಕೆಡವಿದರು. ಬದಲಿಗೆ ಗಡಗಡ ತಾನೇ ದುಡಿದಿದ್ದ ಹೊಸ ಕಟ್ಟಡದಲ್ಲಿ ಒಂದೊಂದು ಕೋಣೆ. ಚೀಟಿ ಎತ್ತಿದಾಗ ಅವನಿಗೆ ನೆಲ ಅಂತಸ್ತಿನ ಮುಂಭಾಗ, ಅಜ್ಜಿಗೆ ಒಂಬತ್ತನೇ ಮಹಡಿ. ಅವಳ ಪಕ್ಕದ ಕೋಣೆ ಅದೇ ಗೂಡುಸಾಲಿನ ಕ್ಷೌರದಣ್ಣನಿಗೆ ಬಿದ್ದಿತ್ತು. ಗಡಗಡ ಓಡಿಹೋಗಿ ಅವನ ಕೈ ಹಿಡಿದ.

"ಅದಲು ಬದಲು ಮಾಡ್ಕೊಳ್ಳೋಣ ಅಣ್ಣ."

"ತಲೆ ಕೆಟ್ಟಿದೆಯೇನೋ? ಬೀದಿಗೆ ಬಾಗಿಲಿರೋ ಮನೆ ಬಿಟ್ಟು ಹದ್ದಿನ ಗೂಡಿಗೆ ಹೋಗ್ತೀಯಾ?"

"ಆ ಗೂಡಿನ ಪಕ್ಕ ನಮ್ಮಜ್ಜಿ ಇರ್ತಾಳೆ."

"ಹೋಗು ಮತ್ತೆ. ಆಮೇಲೆ ವಾಪಸ್ ಕೊಡು ಅಂದ್ರೆ ಕತ್ತರಿ ನನ್ನ ಕೈಲಿರುತ್ತೆ, ನೆನಪಿರಲಿ."

ಎರಡೂ ಕೋಣೆಗೆ ಗೋಡೆ ಒಂದೇ, ಆದರೆ ಮೆಟ್ಟಿಲು ಬೇರೆ ಬೇರೆ. ಅಜ್ಜಿಯ ಬಾಗಿಲಿಗೆ ಹೋಗಬೇಕಾದರೆ ಕೆಳಗಿಳಿದು, ಕಟ್ಟಡ ಸುತ್ತಿ, ಆಚೆ ಮೆಟ್ಟಿಲು ಹತ್ತಬೇಕು. ಅವಳ ಪೆಟ್ಟಿಗೆ ಹೊತ್ತು ಹತ್ತಿಸಿದ ದಿನ ಗಡಗಡ ಏದುಸಿರಲ್ಲೇ ಹೇಳಿದ: "ಗೋಡೆ ಒಂದೇ ಅಲ್ವಾ, ಬಾಗಿಲು ಯಾವ ಕಡೆ ಇದ್ರೆ ನಮಗೇನು?"

"ಅದೂ ಸರಿ. ಸೌಟು ಯಾವ ಗಂಟಲ್ಲಿದೆ, ಮೊದಲು ಹುಡುಕು."

ಮರುದಿನ ಬೆಳಿಗ್ಗೆ ಸೌಟಿನ ಸದ್ದಿಲ್ಲ. ಅವನೇ ಚಮಚದಿಂದ ಬಡಿದ. ಉತ್ತರವಿಲ್ಲ. ಮೆಟ್ಟಿಲು ಹತ್ತಿ ಸುಸ್ತಾಗಿರಬೇಕು ಅಂದುಕೊಂಡ. ಸಂಜೆಯೂ ಇಲ್ಲ, ಅದರ ಮರುದಿನವೂ ಇಲ್ಲ. ಹೋಗಿ ನೋಡೋಣವೆಂದರೆ ಕೆಲಸ ಊರಿನ ಹೊಸ ಅಂಚಿಗೆ ಓಡಿತ್ತು. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಕಾಲು ಕಂಬವಾಗಿರುತ್ತಿತ್ತು. ಕಾಲಿಗಿಂತ ಸೊಕ್ಕು ಇನ್ನೂ ಭಾರ. ಹೊಸ ಮನೆ ಬಂತು, ನುಣ್ಣನೆ ನೆಲ ಬಂತು, ಇನ್ನು ಈ ದರಿದ್ರದವನು ಯಾಕೆ ಬೇಕು ಮುದುಕಿಗೆ?

ಒಂದು ರಜಾದಿನ ಅಜ್ಜಿ ಕೆಳಗೆ ನೀರಿನ ತೊಟ್ಟಿ ಪಕ್ಕ ಕೂತು ಹೊಲಿಯುತ್ತಿದ್ದಳು. ಇವನನ್ನು ಕಂಡವಳೇ ದಾರ ಕಚ್ಚುವ ನೆಪದಲ್ಲಿ ಮುಖ ತಿರುಗಿಸಿದಳು. ಇವನೂ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ ದಾಟಿಹೋದ. ಕರೆದಿದ್ದರೆ ಅವಳ ಬಾಯಿ ಸವೆಯುತ್ತಿತ್ತಾ?

ಆಮೇಲೆ ಬಡಿಯುವುದನ್ನೂ ಬಿಟ್ಟ. ಕೋಣೆಗೆ ಬಂದು ಚಿಲಕ ಹಾಕಿದರೆ ತನ್ನ ಉಸಿರೇ ತನಗೆ ಕೇಳುತ್ತಿತ್ತು. ಗೂಡಿನಲ್ಲಿ ರೈಲು, ಜಗಳ, ಕೆಮ್ಮು, ಕೂಸಿನ ಅಳು ಎಲ್ಲ ಒಳಗೇ ಬಂದು ಕೂರುತ್ತಿದ್ದವು. ಇಲ್ಲಿ ಗೊರಕೆ ಹೊಡೆದರೆ ಬೈಯುವವರೂ ಇಲ್ಲ.

ಒಂದು ಮಧ್ಯಾಹ್ನ ಹೊಸ ಕೆಲಸದಲ್ಲಿ ಅಚ್ಚು ಬಿಚ್ಚಿದರು. ಮೇಸ್ತ್ರಿ ಗೋಡೆಗೆ ಅಂಗೈಯಿಂದ ಬಡಿದು ಹಲ್ಲು ಬಿಟ್ಟ.

"ಭಲೇ ಗಡಗಡ! ಗಾಳಿಗೂ ಜಾಗ ಬಿಟ್ಟಿಲ್ಲವಲ್ಲೋ. ಇಂಥ ಗೋಡೆ ಆಚೆ ಕತ್ತು ಹಿಸುಕಿದ್ರೂ ಈಚೆಯವನು ಹಾಯಾಗಿ ನಿದ್ದೆ ಹೊಡೀಬಹುದು."

ಎಲ್ಲರೂ ನಕ್ಕರು. ಗಡಗಡ ನಗಲಿಲ್ಲ. ಗೋಡೆಯ ಆಚೆ ಹೋಗಿ, "ಈಗ ಬಡೀರಿ ಮೇಸ್ತ್ರಿ, ಜೋರಾಗಿ" ಅಂತ ಕೂಗಿದ. ಕಿವಿ ಒತ್ತಿ ನಿಂತ. ನಿಂತೇ ಇದ್ದ. ಕೊನೆಗೆ ಮೇಸ್ತ್ರಿಯೇ ಸುತ್ತು ಹಾಕಿ ಬಂದು ಗದರಿದ: "ಕೈ ಉರೀತಿದೆ ನಂದು, ಎಷ್ಟು ಸಲ ಬಡೀಲೋ?"

ಕೊಳವೆ ಅಲ್ಲೇ ಎಸೆದು ಗಡಗಡ ಬಸ್ಸಿಗೆ ಓಡಿದ. ಆಚೆ ಮೆಟ್ಟಿಲು ಹತ್ತಿ ಅಜ್ಜಿಯ ಬಾಗಿಲು ಬಡಿದರೆ, ಕಂಕುಳಲ್ಲಿ ಕೂಸು ಎತ್ತಿಕೊಂಡ ಯಾರೋ ಹೆಂಗಸು ತೆಗೆದಳು.

"ಅಜ್ಜೀನಾ? ನಮಗೆ ಬಾಡಿಗೆಗೆ ಕೊಟ್ಟು ಹೋದ್ರಲ್ಲ. ಇಲ್ಲಿ ಸತ್ರೂ ಕೇಳೋರಿಲ್ಲ ಅಂದ್ರು. ಕೊನೇ ಬಸ್ ಸ್ಟಾಪಿನ ಹಿಂದೆ ಹೊಸದಾಗಿ ತಗಡು ಹೊದಿಸಿದಾರೆ ನೋಡಿ, ಅಲ್ಲಿದಾರೆ."

ಹುಡುಕಿಕೊಂಡು ಹೋಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಅಜ್ಜಿ ಬಾಗಿಲಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಬಂದ್ರಾ ಸಾಹೇಬ್ರು? ದಾರಿ ತಪ್ತಾ?"

"ಅಜ್ಜಿ, ನಾನು ದಿನಾ ಬಡಿದೆ. ನಿನ್ನಾಣೆ."

"ಸುಳ್ಳ! ಬಡಿದೂ ಬಡಿದೂ ನನ್ನ ಕೈ ಊದ್ಕೊಂಡಿತು. ಒಂದು ಚಮಚ ಎತ್ತೋಕೆ ನಿನಗೆ ಭಾರ ಆಯ್ತಲ್ಲ ಅಂತ ಎಷ್ಟು ಅತ್ತೆ ಗೊತ್ತಾ?"

"ಆ ಗೋಡೆ ಕೇಳಿಸಲ್ಲ ಅಜ್ಜಿ. ನಾನೇ ತುಂಬಿಸಿದ್ದು ಅದನ್ನ. ಚೆನ್ನಾಗಿ ತುಂಬಿಸಿಬಿಟ್ಟೆ."

ಅಜ್ಜಿ ಸೂಜಿ ಕೆಳಗಿಟ್ಟಳು. ಅವನ ನಡುಗುವ ಕೈ ಹಿಡಿದುಕೊಂಡು, "ಅಯ್ಯೋ ನನ್ನ ಮಗನೇ" ಅಂದಳು, ಅಷ್ಟೇ.

ಆಗ ಒಳಗಿನ ತಗಡು ಠಣ್ ಅಂತು. ಅಜ್ಜಿ ಅವನ ಕೈ ಬಿಟ್ಟು ಎದ್ದಳು. ಸೌಟು ತೆಗೆದು ಒಂದೇಟು, ಸ್ವಲ್ಪ ತಡೆದು ಎರಡೇಟು ಕೊಟ್ಟಳು.

"ಪಕ್ಕದ ಹುಡುಗಿ. ಗಾರೆ ಕೆಲಸಕ್ಕೆ ಬಂದಿದೆ. ಪಾಪ, ಅದಕ್ಕೂ ಯಾರೂ ಇಲ್ಲ."

ಗಡಗಡ ಇನ್ನೊಂದು ಬದಿಯ ತಗಡು ನೋಡಿದ. "ಈ ಕಡೆ ಯಾರಿದಾರೆ ಅಜ್ಜಿ?"

"ಅತ್ಲಾಗೆ ಯಾರೂ ಇಲ್ಲ ಮಗಾ. ಮೋರಿ."

ಅವಳು ಚಾಪೆ ಕೊಡವಿ ಹಾಸಿದಳು. ಮೊದಲೆಲ್ಲ ಅವನೇ ಎಳೆದುಕೊಂಡು ಕೂರುತ್ತಿದ್ದ.

"ನಿಂತೇ ಇದ್ದೀಯಲ್ಲ, ಕೂತ್ಕೋ. ಊಟ ಮಾಡ್ಕೊಂಡು ಹೋಗು."

ಇಷ್ಟು ವರ್ಷದಲ್ಲಿ ಬಾ ಅನ್ನುತ್ತಿದ್ದಳೇ ಹೊರತು, ಹೋಗು ಅಂತ ಸೇರಿಸಿದ್ದು ಅವತ್ತೇ ಮೊದಲು. ಗಡಗಡ ಚಾಪೆಯ ಅಂಚಿನಲ್ಲಿ ಕೂತ, ಆ ಹುಡುಗಿಗೂ ಜಾಗ ಇರಲಿ ಅಂತ.