ಸಿಮೆಂಟು ಬಿಡಿಸಿದ ಮರ

ಬೇರು ಇರಬೇಕಾದ ಕಡೆ ಅವಳ ಕೈ ಮೊಣಕೈವರೆಗೂ ಸಲೀಸಾಗಿ ಒಳಗೆ ಹೋಯಿತು.

ಮರಗಳ ಕೆಲಸಕ್ಕೆ ಬರುವ ಹುಡುಗ ಹುಡುಗಿಯರ ಗುಂಪಿನಲ್ಲಿ ಅವಳಿಗೆ ಎರೆಹುಳ ಎಂದೇ ಹೆಸರು. ಯಾವಾಗ ನೋಡಿದರೂ ಮಣ್ಣಲ್ಲೇ ಇರುತ್ತಾಳೆಂದು ಗುಂಪಿನ ಹಿರಿಯ ಗಡ್ಡಣ್ಣ ಇಟ್ಟದ್ದು. ಕಾಲೇಜಿಗೆ ರಜೆ ಬಂತೆಂದರೆ ಇವರೆಲ್ಲ ಬೀದಿಬೀದಿ ಸುತ್ತಿ ಸಸಿ ನೆಡುತ್ತಾರೆ, ಮರಕ್ಕೆ ಬಡಿದ ಮೊಳೆ ಕೀಳುತ್ತಾರೆ, ಬುಡದ ಸುತ್ತ ಕತ್ತುಪಟ್ಟಿಯಂತೆ ಬಿಗಿದ ಸಿಮೆಂಟನ್ನು ಸುತ್ತಿಗೆಯಿಂದ ಒಡೆದು ತೆಗೆಯುತ್ತಾರೆ. ಈ ಮರ ಇದ್ದದ್ದು ಶಿಶುವಿಹಾರದ ಬಾಗಿಲ ಮುಂದೆ. ಅಲ್ಲಿ ಅವಳ ಅಮ್ಮ ಆಯಾ. ಮರ ಉಸಿರುಕಟ್ಟಿ ಸಾಯುತ್ತಿದೆ ಎಂದು ವಾರಗಟ್ಟಲೆ ಎಲ್ಲರ ತಲೆ ತಿಂದು ಗುಂಪನ್ನು ಇಲ್ಲಿಗೆ ಎಳೆದು ತಂದವಳು ಅವಳೇ.

ಬೆರಳಿಗೆ ತಾಗಿದ್ದು ಗರಗಸದಲ್ಲಿ ಕೊಯ್ದ ಬೇರಿನ ಮೋಟುಗಳು. ಸಾಲಾಗಿದ್ದವು. ಮುಟ್ಟಿದರೆ ನೆನೆದ ಬಿಸ್ಕತ್ತಿನಂತೆ ಉದುರಿದವು. ಯಾವ ಕಾಲದಲ್ಲೋ ಚರಂಡಿ ಹಾಕಲು ಬಂದವರು ರಸ್ತೆ ಬದಿಯ ಬೇರನ್ನೆಲ್ಲ ಕತ್ತರಿಸಿ, ಮೇಲೆ ಸಿಮೆಂಟು ಬಳಿದು ಕೈತೊಳೆದುಕೊಂಡಿದ್ದರು. ಇಷ್ಟು ವರ್ಷ ಮರವನ್ನು ಹಿಡಿದು ನಿಲ್ಲಿಸಿದ್ದು ಆ ಸಿಮೆಂಟು. ಅದನ್ನು ಈಗಷ್ಟೇ ಚಪ್ಪಾಳೆ ತಟ್ಟಿಕೊಂಡು ಒಡೆದಾಗಿತ್ತು.

ಅಷ್ಟರಲ್ಲಿ ಗಡ್ಡಣ್ಣ ಫೋಟೋಗೆ ಕರೆದ. ಅವಳು ಕಾಲಿನಿಂದ ಮಣ್ಣು ತಳ್ಳಿ ತೂತು ಮುಚ್ಚಿದಳು, ಹೋಗಿ ನಿಂತಳು, ಹಲ್ಲು ಕಿರಿದಳು. ಆಚೆ ಬದಿಯ ಬೇರು ಗಟ್ಟಿಯಿರಲೇಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಗುಂಪು ಮುಂದಿನ ಬೀದಿಗೆ ಹೋಯಿತು. ನೀರು ಹಾಕಲು ಅವಳು ಉಳಿದಳು. ಬಕೆಟ್ಟುಗಟ್ಟಲೆ ಸುರಿದ ನೀರು ಒಂದು ಗಳಿಗೆಯೂ ನಿಲ್ಲದೆ ಗುಳುಗುಳು ಎಂದು ಕೆಳಗೆಲ್ಲೋ ಇಳಿದುಹೋಯಿತು.

ಮಧ್ಯಾಹ್ನ ಗಾಳಿ ಎದ್ದಿತು. ಕೊಂಬೆಗಳು ತೂಗಿದರೆ ಯಾರಿಗೂ ವಿಶೇಷವಲ್ಲ. ಅವಳು ನೋಡುತ್ತಿದ್ದದ್ದು ಬುಡವನ್ನು. ಗಾಳಿ ತಳ್ಳಿದಾಗಲೆಲ್ಲ ರಸ್ತೆ ಬದಿಯ ಮಣ್ಣು ಕುದಿಯುವ ಪಾತ್ರೆಯ ಮುಚ್ಚಳದಂತೆ ಮೇಲೆದ್ದು ಮತ್ತೆ ಕೂರುತ್ತಿತ್ತು. ಮರ ವಾಲುತ್ತಿದ್ದದ್ದು ಶಿಶುವಿಹಾರದ ತಗಡಿನ ಮಾಡಿನ ಕಡೆಗೆ. ಅದರ ಕೆಳಗೆ ಮಕ್ಕಳು ಊಟ ಮಾಡಿ ಮಲಗಿದ್ದರು.

ಅವಳು ಗಡ್ಡಣ್ಣನಿಗೆ ಫೋನು ಮಾಡಿದಳು. ಅವನು ನಕ್ಕ. ಮರ ಅಂದಮೇಲೆ ಅಲ್ಲಾಡದೆ ಕಂಬದ ಹಾಗೆ ನಿಲ್ಲುತ್ತಾ ಎಂದ. ಬೀಳುತ್ತೆ ಗೀಳುತ್ತೆ ಅಂತ ಬಾಯಿಬಿಟ್ಟರೆ ನಾಳೆಯಿಂದ ಒಂದು ಗಿಡ ಮುಟ್ಟೋಕೂ ಯಾರೂ ಬಿಡಲ್ಲ, ಗೊತ್ತಾ ಎಂದ. ಬೇರಿನ ಮಾತು ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡಳು.

ಫೋನಿಟ್ಟ ಮೇಲೆ ಮಣ್ಣು ಇನ್ನೊಮ್ಮೆ ಎದ್ದಿತು. ಅವಳು ಒಳಗೆ ಓಡಿದಳು.

ಅಮ್ಮ ಒಂದು ಕೂಸಿನ ಬೆನ್ನು ತಟ್ಟುತ್ತಿದ್ದವಳು ಕಣ್ಣಲ್ಲೇ ಗದರಿದಳು. ಈ ಪಿಳ್ಳೆಗಳನ್ನು ಮಲಗಿಸುವಷ್ಟರಲ್ಲಿ ತನ್ನ ಹೆಣ ಬಿದ್ದಿದೆ, ಎಬ್ಬಿಸಿದರೆ ನೀನೇ ಹಾಲು ಕುಡಿಸು ಎಂದು ಪಿಸುಗುಟ್ಟಿದಳು. ಮಗಳು ಮರ ಬೀಳುತ್ತದೆ ಎಂದಳು. ಅಮ್ಮನ ಕೈ ನಿಂತಿತು.

"ನೋಡಿದೀಯೋ, ಅಂದ್ಕೊಂಡಿದೀಯೋ?"

"ನೋಡಿದೀನಿ. ಆ ಕಡೆ ಬೇರೇ ಇಲ್ಲ ಅಮ್ಮಾ."

"ಯಾವಾಗ ನೋಡಿದ್ದು?"

"ಬೆಳಿಗ್ಗೆ."

ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆಳಿಗ್ಗೆಯಿಂದ ಈ ಮಕ್ಕಳು ಆ ಮರದ ಕೆಳಗೇ ಕುಣಿದಿದ್ದರು. ಅಮ್ಮ ಎದ್ದು ಕಂಕುಳಿಗೊಂದು ಹೆಗಲಿಗೊಂದು ಮಗುವನ್ನು ಏರಿಸಿಕೊಂಡಳು. ಬಾಗಿಲಲ್ಲಿ ಶಿಶುವಿಹಾರದ ಮೇಡಂ ಅಡ್ಡ ಬಂದು, ಯಾರಪ್ಪಣೆ ಕೇಳಿ ಮಕ್ಕಳನ್ನು ಹೊರಗೆ ಒಯ್ಯುತ್ತೀಯ ಎಂದರು.

"ಮೇಡಂ, ಬಯ್ಯೋದನ್ನ ಆಮೇಲೆ ಬಯ್ರಿ. ಈಗೊಂದು ಮಗು ಎತ್ಕೊಳ್ಳಿ."

ಇದ್ದದ್ದು ಒಂದೇ ಬಾಗಿಲು, ಅದೂ ಮರದ ಕೆಳಗೇ ತೆರೆಯುವುದು. ಎದುರಿನ ಹೊಲಿಗೆ ಕಾರ್ಖಾನೆಯ ಗೇಟಿನೊಳಗೆ ಮಕ್ಕಳನ್ನು ಇಳಿಸಿ ಅಮ್ಮ ತಿರುಗಿ ಹೊರಟಾಗ ಅವಳೂ ಹಿಂದೆ ಹೊರಟಳು. ಅಮ್ಮ ತಡೆದಳು. ಮಣ್ಣು ನೋಡೋಕೆ ನಿನಗೆ ಗೊತ್ತು, ನಮಗೆ ಗೊತ್ತಿಲ್ಲ. ಇಲ್ಲೇ ನಿಂತು ನೋಡು, ಎದ್ದರೆ ಕೂಗು ಎಂದಳು.

ಹೊರುವ ಕೆಲಸವಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ನಿಂತು ನೋಡುವುದೊಂದೇ ಅವಳ ಪಾಲಿಗೆ ಬಂತು. ಅಮ್ಮ ಮರದಡಿ ಹೋಗುತ್ತಿದ್ದಳು, ಬರುತ್ತಿದ್ದಳು. ಮೇಡಂ ಹೋಗುತ್ತಿದ್ದರು, ಬರುತ್ತಿದ್ದರು. ಅವಳು ರೆಪ್ಪೆ ಮುಚ್ಚದೆ ನೆಲ ನೋಡುತ್ತಿದ್ದಳು. ಕೊನೆಯ ಸರದಿಗೆ ಅಮ್ಮ ಒಳಗಿದ್ದಾಗ ದೊಡ್ಡ ಗಾಳಿ ಬಂತು. ಮಣ್ಣು ಎದ್ದಿತು. ಈ ಸಲ ಕೂರಲಿಲ್ಲ.

ಕೂಗಿದಳು. ಮತ್ತೆ ಕೂಗಿದಳು. ಅಮ್ಮ ಬಾಗಿಲಿಗೆ ಬಂದಳು, ಹೆಗಲ ಮೇಲೆ ನಿದ್ದೆಯಲ್ಲಿದ್ದ ಮಗು. ಎಷ್ಟೋ ವರ್ಷದ ಅಭ್ಯಾಸ: ಮಲಗಿದ ಮಗುವನ್ನೆತ್ತಿಕೊಂಡು ಅಮ್ಮ ಓಡುವುದಿಲ್ಲ. ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಮರದಡಿಯಿಂದ ಬಂದಳು, ರಸ್ತೆ ದಾಟಿದಳು. ಮಗು ಏಳಲೂ ಇಲ್ಲ.

ಮರ ಬೀಳಲಿಲ್ಲ.

ಗಾಳಿ ತಗ್ಗಿತು, ಗಂಟೆ ಕಳೆಯಿತು. ಹೊಲಿಗೆ ಬಿಟ್ಟು ಓಡಿಬಂದ ತಾಯಂದಿರು ಮಕ್ಕಳನ್ನು ಅವುಚಿಕೊಂಡು ಮರದ ಮುಖ ನೋಡಿದರು, ಅವಳ ಮುಖ ನೋಡಿದರು. ಎಲ್ಲಿ ಬಿತ್ತಮ್ಮಾ ನಿನ್ನ ಮರ ಎಂದು ಒಬ್ಬಳು ಕುಟುಕಿದಳು. ಬಿದ್ದುಬಿಡಲಿ ಎಂದು ತನ್ನ ಮನಸ್ಸು ಬೇಡುತ್ತಿರುವುದು ತಿಳಿದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗಡ್ಡಣ್ಣ ಬಂದು ಗೋಡೆಗೊರಗಿ ನಿಂತ. ಕೊಂಬೆ ಕಡಿಯುವವರನ್ನು ಮೇಡಂ ಕರೆಸಿದ್ದರು. ಬಂದವನು ಬೀಡಿ ಆರಿಸಿ, ಹಗ್ಗ ಹೆಗಲಿಗೆ ಹಾಕಿ, ಏಣಿಯನ್ನು ಕಾಂಡಕ್ಕೆ ಒರಗಿಸಿ, ಮೇಲಿಂದ ಭಾರ ಇಳಿಸಿದರೆ ಸಾಕು ಎಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ಹತ್ತಬೇಡಿ."

ಅವನು ತಿರುಗಿ ನೋಡಿದ. ಎಲ್ಲರೂ ನೋಡಿದರು. ಗಡ್ಡಣ್ಣ ಬೇಡ ಎಂಬಂತೆ ಕತ್ತು ಅಲ್ಲಾಡಿಸಿದ.

"ಸಿಮೆಂಟು ಒಡೆದದ್ದು ನಾವು. ಕೆಳಗೆ ಬೇರು ಕತ್ತರಿಸಿದಾರೆ. ನಾನು ಕೈ ಹಾಕಿ ನೋಡಿ ಮಣ್ಣು ಮುಚ್ಚಿಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ಹತ್ತಬೇಡಿ ಅಣ್ಣಾ."

ಕುಟುಕಿದವಳು ತನ್ನ ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡಳು. ಏಣಿಯವನು ಕಾಲು ಕೆಳಗಿಟ್ಟ. ಹಾಗಾದರೆ ದೂರದಿಂದಲೇ ಹಗ್ಗ ಎಸೆದು ಬಿಗಿಯೋಣ ಎಂದು ರಸ್ತೆಗೆ ಬಂದು ಹಗ್ಗದ ಗಂಟು ಬಿಚ್ಚುತ್ತಿದ್ದ. ಗಾಳಿಯಿರಲಿಲ್ಲ, ಏನೂ ಇರಲಿಲ್ಲ. ಮರ ನಿಧಾನಕ್ಕೆ, ಕೂತಲ್ಲೇ ತೂಕಡಿಸಿದವರ ಹಾಗೆ ವಾಲಿ, ಏಣಿಯನ್ನೂ ಎಳೆದುಕೊಂಡು ತಗಡಿನ ಮೇಲೆ ಮಲಗಿತು. ಮಾಡು ಮಡಚಿಕೊಂಡು ಒಳಗೆ ಹೋಯಿತು. ಕಾರ್ಖಾನೆಯಲ್ಲಿ, ತಾಯಂದಿರ ಹೆಗಲಲ್ಲಿ ಮಲಗಿದ್ದ ಮಕ್ಕಳೆಲ್ಲ ಒಟ್ಟಿಗೆ ಎದ್ದು ಅಳತೊಡಗಿದವು.

ಏಣಿಯವನು ರಸ್ತೆಯಂಚಿನಲ್ಲಿ ಕುಕ್ಕರಿಸಿದ. ಅಮ್ಮ ಕಾರ್ಖಾನೆಯೊಳಗಿಂದ ನೀರು ತಂದು ಮಗಳ ಕೈಗೆ ಕೊಟ್ಟು, ಹೋಗಿ ಕೊಡು ಎಂದಳು. ಅವಳು ಹೋಗಿ ಕೊಟ್ಟಳು. ಅವನು ಲೋಟ ಇಸಿದುಕೊಂಡ; ಕುಡಿಯಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.