ಅಜ್ಜಿಯ ಇನ್ನೊಂದು ಕಣ್ಣು

ನೋಡಿ ಸ್ವಾಮಿ, ಆ ಭಾನುವಾರ ಅಡಿಸ್ ಅಬಾಬಾದ ಮ್ಯೂಸಿಯಮ್ಮಿನಲ್ಲಿ ನಾನಿಲ್ಲದಿದ್ದರೆ ನಮ್ಮ ಮನೆ ಎರಡು ಹೋಳಾಗುತ್ತಿತ್ತು. ಮುನಿದ ಅಜ್ಜಿಯನ್ನು ಒಂದೇ ಡೈಲಾಗಿನಲ್ಲಿ ಬಾಗಿಲಿಂದ ವಾಪಸ್ ಕರೆತಂದ ಹೀರೊ ನಿಮ್ಮ ಮುಂದೆಯೇ ಇದ್ದಾನೆ. ಹೆಸರು ಯೋಫ್ತಾಹೆ. ಚಪ್ಪಾಳೆ ಆಮೇಲೆ ತಟ್ಟಿ, ಮೊದಲು ಕಥೆ ಕೇಳಿ.

ಮೊದಲ ಕೋಣೆಯಲ್ಲಿ ಚರ್ಚುಗಳಿಂದ ತಂದ ಹಳೆಯ ಚಿತ್ರಗಳು, ಪಕ್ಕದ ಕೋಣೆಯಲ್ಲಿ ಈಗಿನವರವು. ಅವುಗಳಲ್ಲಿ ನಮ್ಮಕ್ಕ ತ್ಸಿಗೆರೆದಾಳದೂ ಒಂದು. ತಾಯಿಯಿಲ್ಲದ ನಮ್ಮಿಬ್ಬರನ್ನು ಸಾಕಿದ ಅಜ್ಜಿಯದೇ ಚಿತ್ರ ಬರೆದು, ಅಜ್ಜಿಗೂ ತೋರಿಸದೆ ಗುಟ್ಟಾಗಿಟ್ಟಿದ್ದಳು.

ಅಜ್ಜಿ ಹಬ್ಬದ ಬಿಳಿ ನೆತೆಲಾ ಶಾಲು ಹೊದ್ದು ಬಂದಳು. ಚಿತ್ರದ ಸಂತರಿಗೆಲ್ಲ ತಲೆಬಾಗಿದಳು. ಅವರೂ ದೊಡ್ಡ ದೊಡ್ಡ ಎರಡು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಕ್ರಿಸ್ತನನ್ನು ಹಿಡಿದುಕೊಟ್ಟ ಯೂದನ ಮುಂದೆ ಮಾತ್ರ ಮುಖ ಸಿಂಡರಿಸಿದಳು. ಅವನು ಪಕ್ಕಕ್ಕೆ ತಿರುಗಿದ್ದ, ಒಂದೇ ಕಣ್ಣು. ನಮ್ಮ ಚರ್ಚಿನ ಚಿತ್ರಗಾರರು ಒಳ್ಳೆಯವರಿಗೆ ಎರಡು ಕಣ್ಣು ಕೊಡುತ್ತಾರೆ, ಪಾಪಿಗಳಿಗೆ ಒಂದೇ.

“ಥೂ, ನಿನ್ ಮುಖಕ್ಕೆ ಬೆಂಕಿ ಹಾಕ!”

“ಅಜ್ಜಿ, ಮೆಲ್ಲಗೆ. ಗಾರ್ಡ್ ನೋಡ್ತಿದಾನೆ,” ಅಕ್ಕ ಪಿಸುಗುಟ್ಟಿದಳು.

“ನೋಡ್ಲಿ ಬಿಡು. ಯೂದ ಏನು ಅವನ ಮಾವನಾ?”

ಅಕ್ಕ ಕೈಹಿಡಿದು ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಅಲ್ಲಿತ್ತು ಚಿತ್ರ. ಕೆಂಡದ ಮುಂದೆ ಕೂತು ಕಾಫಿ ಬೀಜ ಹುರಿಯುತ್ತಿರುವ ಅಜ್ಜಿ. ಪಕ್ಕದಿಂದ ಕಂಡ ಮುಖ. ಒಂದೇ ಕಣ್ಣು.

ಅಜ್ಜಿ ಅಕ್ಕನ ಕೈ ಬಿಡಿಸಿಕೊಂಡಳು.

“ಏನೇ ಹುಡ್ಗಿ, ಇಂಜೆರಾ ತುತ್ತು ಮಾಡಿ ಬಾಯಿಗಿಟ್ಟಿದ್ದು ಇದಕ್ಕೇನಾ? ನಾನ್ ಯಾರನ್ನ ಹಿಡ್ಕೊಟ್ಟೆ ಅಂತ ಯೂದನ ಸಾಲಿಗೆ ಹಾಕ್ದೆ?”

“ಅಜ್ಜಿ, ಈಗೆಲ್ಲ ಅದಕ್ಕೆ ಹಂಗೆ ಅರ್ಥ ಇಲ್ಲ...”

“ನಿಂಗಿಲ್ದೆ ಇರ್ಬೋದು. ನಂಗಿದೆ.”

ನೆತೆಲಾ ಬಿಗಿದುಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು. ಅಕ್ಕ ಗೋಡೆಗೆ ಒರಗಿದಳು. ಊರೆಲ್ಲ ಹೊಗಳಿದರೇನು, ಅವಳಿಗೆ ಬೇಕಿದ್ದದ್ದು ಈ ಒಬ್ಬಳ ಶಭಾಷ್.

ಆಗ ನನ್ನ ಎಂಟ್ರಿ. ನಮ್ಮೂರ ಪಿಯಾಸಾ ಪೇಟೆಯ ಟಾಕೀಸಿನಲ್ಲಿ ಕಲಿತ ನಡಿಗೆಯಲ್ಲಿ ಹೋಗಿ ಬಾಗಿಲಿಗೆ ಅಡ್ಡ ನಿಂತು ಕೈಯೆತ್ತಿದೆ.

“ನಿಲ್ಲು ಅಜ್ಜಿ! ನಿನ್ನ ಇನ್ನೊಂದು ಕಣ್ಣು ಎಲ್ಲಿದೆ ಗೊತ್ತಾ? ನನ್ನ ಮೇಲೆ! ನೀನು ಕಾಫಿ ಹುರಿಯೋವಾಗ ಈ ಪಕ್ಕ ಅಕ್ಕ, ಆ ಪಕ್ಕ ನಾನು. ಎಲ್ಲಿ ಕೆಂಡಕ್ಕೆ ಕೈ ಹಾಕ್ತೀನೋ ಅಂತ ಒಂದು ಕಣ್ಣು ಯಾವಾಗ್ಲೂ ನನ್ನೇ ಕಾಯ್ತಿತ್ತು. ಅಕ್ಕಂಗೆ ಸಿಕ್ಕಿದ್ದು ಒಂದೇ ಕಣ್ಣು. ಸಿಕ್ಕಿದ್ದನ್ನ ಬರ್ದಿದಾಳೆ.”

ಅಜ್ಜಿ ನಿಂತಳು. ನಿಧಾನವಾಗಿ ತಿರುಗಿ ಚಿತ್ರದ ಹತ್ತಿರ ಹೋದಳು.

“ಈ ಕೋತಿ ನಿಜವಾಗ್ಲೂ ಕೈ ಹಾಕಿದ್ದ,” ಎಂದಳು. ಆಮೇಲೆ ಅಕ್ಕನ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದಳು. “ಬಾ ಇಲ್ಲಿ. ಎರಡೂ ಕಣ್ಣಲ್ಲಿ ನೋಡ್ತೀನಿ. ಸಾಕಾ?”

ಸರಿ, ನಿಜ ಹೇಳಿಬಿಡುತ್ತೇನೆ. ಅಡ್ಡ ನಿಂತದ್ದು ನಾನೇ, ಕೈಯೆತ್ತಿದ್ದೂ ನಾನೇ. ಆದರೆ ಅಜ್ಜಿಯ ಕಣ್ಣಲ್ಲಿ ನೀರು ಕಂಡದ್ದೇ ತಡ, ಡೈಲಾಗು ಪೂರ್ತಿ ಮರೆತೇಹೋಯಿತು. ಆ ಮಾತೆಲ್ಲ ಅಕ್ಕನದು. ಹಿಂದಿನಿಂದ ಬಂದು ಅವಳೇ ಅಜ್ಜಿಗೆ ಮೆಲ್ಲಗೆ ಹೇಳಿದಳು. ನನ್ನ ದೆಸೆಯಿಂದ ಅವಳಿಗೆ ಅಜ್ಜಿ ಅರ್ಧವೇ ಸಿಕ್ಕಿದ್ದಳು ಅನ್ನುವುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ನಾನೇನು ಮಾಡಿದೆ ಅಂತೀರಾ? ಹಬ್ಬದ ನೆತೆಲಾದ ತುದಿಗೆ ಮೂಗು ಒರೆಸಿ, ಅಜ್ಜಿಯಿಂದ ಚೆನ್ನಾಗಿ ಬೈಸಿಕೊಂಡೆ.