ಮಂಡಿಯ ಅಳತೆ

ಎರಡು ತಿಂಗಳಿಂದ ಶಿಶುವಿಹಾರದ ಮಿಸ್ಸಿಗೆ ಹಿಡಿದದ್ದು ಒಂದೇ ಹುಚ್ಚು: ನಾಲ್ಕೈದು ವರ್ಷದ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಡ್ರಮ್ ಕ್ಲಾಸು. ಅದೂ ಒಬ್ಬೊಬ್ಬರಿಗಲ್ಲ, ಹದಿನಾಲ್ಕು ಮಕ್ಕಳನ್ನು ಒಟ್ಟಿಗೆ ಸುತ್ತ ಕೂರಿಸಿಕೊಂಡು. ಕೇಳಿದವರು ಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ನಗುತ್ತಿದ್ದರು. ನಗದೆ ಉಳಿದವಳು ನಾದಿನಿ ಒಬ್ಬಳೇ. ಗಂಡನ ಈ ತಂಗಿ ವಾದ್ಯತಂಡವೊಂದರಲ್ಲಿ ಹನ್ನೆರಡು ವರ್ಷ ಡ್ರಮ್ ಬಾರಿಸಿ ಬಂದವಳು.

"ಅತ್ತಿಗೆ, ನಿಮಗೆ ಮಕ್ಕಳು ಗೊತ್ತು, ನಂಗೆ ಡ್ರಮ್ ಗೊತ್ತು. ಇನ್ನೇನು ಬೇಕು?" ಅಂದಿದ್ದಳು.

ಅಡುಗೆಮನೆಯ ಮೇಜಿನ ಮುಂದೆ ಇಬ್ಬರೂ ಎಷ್ಟು ಸಂಜೆ ಕೂತರೋ ಲೆಕ್ಕವಿಲ್ಲ. ಮೊದಲ ಎರಡು ವಾರ ಕೋಲು ಕೊಡಬಾರದು, ಬರೀ ಅಂಗೈ. ಮಿಸ್ ತಲೆಯ ಮೇಲೆ ಕೈಯಿಟ್ಟರೆ ಮಕ್ಕಳೂ ಇಡಬೇಕು. ಕೈ ತಲೆಯ ಮೇಲಿದ್ದರೆ ಡ್ರಮ್ ಬಡಿಯೋದು ಹೇಗೆ? ನಾದಿನಿ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. "ನಮ್ಮ ತಂಡದ ಗಂಡಸರಿಗೂ ಇದನ್ನ ಕಲಿಸಬೇಕಿತ್ತು ಅತ್ತಿಗೆ."

ಮಿಸ್ಸಿನ ದೊಡ್ಡ ಯೋಚನೆ ಮಂಡಿಯದ್ದು. ಕೂತ ಮಗುವಿನ ಮಂಡಿಗಿಂತ ಡ್ರಮ್ಮಿನ ಮುಖ ಎರಡು ಬೆರಳಷ್ಟೇ ಮೇಲಿರಬೇಕು. ಅದಕ್ಕಿಂತ ಎತ್ತರವಾದರೆ ಭುಜ ಕಿವಿಯವರೆಗೆ ಏರುತ್ತದೆ, ಎರಡು ನಿಮಿಷಕ್ಕೆ ಮಗು ಸುಸ್ತಾಗಿ ಅಳುತ್ತದೆ. ಅದಕ್ಕೇ ಡಾಕ್ಟರಾಟ ಆಡಿಸುವ ನೆಪದಲ್ಲಿ ಟೇಪು ಹಿಡಿದು ಹದಿನಾಲ್ಕು ಮಕ್ಕಳ ಮಂಡಿಯನ್ನೂ ಅಳೆದಿದ್ದಳು. "ನಂಗೆ ಜ್ವರ ಇಲ್ಲ ಮಿಸ್" ಎಂದು ಒಬ್ಬ ಹುಡುಗಿ ಕಾಲು ಎಳೆದುಕೊಂಡಿದ್ದಳು. ಆ ಅಳತೆ ಬರೆದ ಚೀಟಿ ನೋಡಿ ಬಡಗಿ ಪುಟ್ಟ ಸ್ಟ್ಯಾಂಡುಗಳನ್ನು ಮಾಡಬೇಕಿತ್ತು. ಬಡಗಿಯ ಕೆಲಸ ನನ್ನ ಪಾಲಿಗಿರಲಿ, ಕ್ಲಾಸಿಗೆ ಹಾಲ್ ಮಾತಾಡೋದೂ ನನಗಿರಲಿ ಅಂದಿದ್ದಳು ನಾದಿನಿ.

ಕ್ಲಾಸು ಶುರುವಾಗಲು ಒಂಬತ್ತು ದಿನವಿತ್ತು. ಅಷ್ಟರಲ್ಲಿ ಅದೇ ಕಾಲೆಳೆದ ಹುಡುಗಿ ಬೆರಳಷ್ಟು ಬೆಳೆದುಬಿಟ್ಟಿದ್ದಳು. ಅದೊಂದನ್ನು ತಿದ್ದಿಸೋಣವೆಂದು ಮಿಸ್ ತಾನೇ ಬಡಗಿಯ ಅಂಗಡಿಗೆ ಹೋದಳು.

ಸ್ಟ್ಯಾಂಡುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು, ವಾರ್ನಿಷ್ ಇನ್ನೂ ಆರಿರಲಿಲ್ಲ. ಮಿಸ್ ಒಂದರ ಪಕ್ಕ ನಿಂತು ನೋಡಿದಳು. ಅದು ಅವಳ ಮಂಡಿಗೇ ಬರುತ್ತಿತ್ತು.

"ಅಣ್ಣಾ, ಇದು ಬೇರೆಯವರದ್ದಾ?"

"ನಿಮ್ಮದೇ ಅಲ್ವಾ," ಎಂದ ಬಡಗಿ, ಕಿವಿಯ ಸಂದಿಯ ಪೆನ್ಸಿಲ್ ತೆಗೆಯುತ್ತ. "ನಿಮ್ಮ ನಾದಿನಿ ಬಂದು ಅಳತೆ ಬದಲಾಯಿಸಿದ್ರು, ತಿಂಗಳಾಯ್ತು. ಹತ್ತು ವರ್ಷದ ಮಕ್ಕಳಿಗೆ ಆಗೋ ಹಂಗೆ ಮಾಡಿ ಅಂದ್ರು. ಯಾಕೆ, ನಿಮಗೆ ಹೇಳಿಲ್ವಾ?"

"ಹೇಳಿದ್ಲು, ನಾನೇ ಮರೆತೆ," ಎಂದಳು ಮಿಸ್. ಮನೆಯ ಮಾನ ಕಾಯುವ ಆ ಸುಳ್ಳು ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು.

ನಾದಿನಿಯ ಮನೆ ಎರಡು ಬೀದಿ ಆಚೆ. ಬಾಗಿಲು ತೆರೆದವಳು ಮಿಸ್ಸಿನ ಮುಖ ನೋಡಿದ ಕೂಡಲೇ ಕಣ್ಣು ತಪ್ಪಿಸಿದಳು.

"ಹೇಳೋಣ ಅಂತಲೇ ಇದ್ದೆ ಅತ್ತಿಗೆ."

"ಯಾವಾಗ? ಕ್ಲಾಸ್ ಮುಗಿದ ಮೇಲಾ?"

"ಹಾಲ್‌ನವರು ವರ್ಷದ ಕೊನೆಗೆ ಒಂದು ಪ್ರೋಗ್ರಾಂ ಬೇಕು ಅಂದ್ರು. ನಿಮ್ಮ ಪುಟಾಣಿಗಳು ಸ್ಟೇಜ್ ಹತ್ತಿ ಏನು ಮಾಡ್ತವೆ? ಒಂದು ಅಳುತ್ತೆ, ಒಂದು ಅಮ್ಮನಿಗೆ ಟಾಟಾ ಮಾಡುತ್ತೆ. ಅದಕ್ಕೇ ದೊಡ್ಡ ಮಕ್ಕಳನ್ನ ಸೇರಿಸ್ಕೊಂಡೆ. ನಾನು ಹನ್ನೆರಡು ವರ್ಷ ಯಾರದೋ ಹಿಂದೆ ಕೂತು ಬಾರಿಸಿದೀನಿ. ಒಂದ್ಸಲ ನನ್ನ ಹೆಸರು ಮುಂದೆ ಬರಲಿ ಅನ್ನಿಸ್ತು. ತಪ್ಪಾ?"

"ನಿನ್ನ ಹೆಸರು ಮುಂದೆ ಬರೋದು ತಪ್ಪಲ್ಲ ಕಣೇ. ಹೋದ ವಾರ ನನ್ನ ಮೇಜಿನ ಮುಂದೆ ಕೂತು, ಮಕ್ಕಳು ಚಪ್ಪಲಿ ಎಲ್ಲಿ ಬಿಡಬೇಕು ಅಂತ ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದ್ಯಲ್ಲ. ಅದು ಯಾವ ಮಕ್ಕಳು?"

"ನೀವೂ ಬನ್ನಿ ಅತ್ತಿಗೆ. ಮಕ್ಕಳನ್ನ ಸಾಲಾಗಿ ಕೂರಿಸೋಕೆ ಒಬ್ಬರು ಬೇಕು," ಎಂದಳು ನಾದಿನಿ.

ಮಿಸ್ ಮೆಟ್ಟಿಲಿಳಿದಳು.

ಹದಿನಾಲ್ಕು ಮನೆಗೆ ಕ್ಲಾಸಿಲ್ಲ ಅಂತ ಹೇಳುವ ಕೆಲಸವೊಂದು ಉಳಿದಿತ್ತು. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯ ತುದಿಯಲ್ಲಿ ಕೂತು ಮೊದಲು ಆ ಬೆರಳಷ್ಟು ಬೆಳೆದ ಹುಡುಗಿಯ ತಾಯಿಗೆ ಫೋನ್ ಮಾಡಿದಳು.

"ಅಯ್ಯೋ ಗೊತ್ತು ಮಿಸ್," ಎಂದಳು ಆ ತಾಯಿ ಮೃದುವಾಗಿ. "ನೀವೇ ಆಗಲ್ಲ ಅಂದ್ರಂತಲ್ಲ. ಸೊಂಟ ನೋವು, ಮಕ್ಕಳ ಗಲಾಟೆ ತಡೆಯೋಕಾಗಲ್ಲ ಅಂತ. ಮೂರು ವಾರದ ಹಿಂದೇನೇ ನಿಮ್ಮ ನಾದಿನಿ ಎಲ್ಲರಿಗೂ ಫೋನ್ ಮಾಡಿದ್ರು. ನಿಮ್ಮ ಹತ್ರ ಈ ಮಾತು ಎತ್ತಬೇಡಿ, ನೊಂದ್ಕೋತೀರಿ ಅಂದ್ರು. ಪಾಪ, ಎಷ್ಟು ಕಾಳಜಿ ಅವರಿಗೆ."

ಅಂದರೆ ಮೂರು ವಾರದಿಂದ ಶಿಶುವಿಹಾರದ ಬಾಗಿಲಲ್ಲಿ ತಾಯಂದಿರು "ಹುಷಾರಾಗಿದೀರಾ ಮಿಸ್?" ಎಂದು ಕೇಳುತ್ತಿದ್ದದ್ದು ಇದಕ್ಕೆ. ಅವಳೋ, ತನ್ನ ಮೇಲೆ ಎಲ್ಲರಿಗೂ ಎಷ್ಟು ಪ್ರೀತಿ ಎಂದು ಉಬ್ಬಿಹೋಗಿದ್ದಳು.

"ಮಿಸ್? ಇದೀರಾ?"

"ನನ್ನ ಸೊಂಟಕ್ಕೆ ಏನೂ ಆಗಿಲ್ಲಮ್ಮ. ನಾನು ಆಗಲ್ಲ ಅಂದಿಲ್ಲ."

"ಹಂಗಾದ್ರೆ ಯಾರು..."

ಒಳಕೋಣೆಯಲ್ಲಿ ಟೀವಿಯ ಸದ್ದು ತಟ್ಟನೆ ತಗ್ಗಿತು. ಅಲ್ಲಿ ಕೂತಿದ್ದವನು ಅವಳ ಗಂಡ, ಆ ನಾದಿನಿಯ ಅಣ್ಣ. ಮನೆಯ ವಿಷಯ ಹೊಸಿಲು ದಾಟಬಾರದು ಎಂಬುದು ಅವನ ಮನೆಯವರ ಕಟ್ಟಳೆ. ಇಪ್ಪತ್ತು ವರ್ಷ ಅವಳೂ ಅದಕ್ಕೆ ತಲೆಬಾಗಿದ್ದಳು.

"ಕೇಳಿ, ಹೇಳ್ತೀನಿ," ಎಂದಳು ಮಿಸ್. ಒಳಗಿನ ಬಾಗಿಲತ್ತ ಒಮ್ಮೆ ನೋಡಿದಳು, ದನಿಯನ್ನು ಮಾತ್ರ ತಗ್ಗಿಸಲಿಲ್ಲ.